ಯೂದನ ಕವಿತೆ ಬರೆಯುತ್ತಿದ್ದೇನೆ, ಕೊನೆಯ ಚರಣ ಕೈಗೆ ಹತ್ತುತ್ತಿಲ್ಲ

ನೀಲಿಬಾಗಿಲು, ಮೀರಾ ರೋಡ್

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಸಭೆಯಲ್ಲಿ ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆ ನಡೆಯುತ್ತದೆ. ಈ ಸಲ ನಡುವೆ ಒಂದು ಕವಿತೆ ಓದಬೇಕೆಂದು ನಮ್ಮ ಪಾದ್ರಿ ಅಯ್ಯನವರು ನನಗೆ ಹೇಳಿದ್ದಾರೆ. ಮೂವತ್ತು ಬೆಳ್ಳಿ ನಾಣ್ಯಕ್ಕೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಬಾಯಲ್ಲೇ ಹೇಳಿಸಲು ಹೊರಟೆ. ಎರಡು ಚರಣ ಒಂದೇ ರಾತ್ರಿಯಲ್ಲಿ ಬಂದವು. ಮೂರನೆಯದಕ್ಕೆ ಮೂರು ವಾರದಿಂದ ಒದ್ದಾಡುತ್ತಿದ್ದೇನೆ.

ಅದ್ದಿದ ತುತ್ತು ನನ್ನ ಕೈಗಿತ್ತ,
ಬೆರಳಿಗೆ ಬೆರಳು ತಾಗಿತ್ತು.
ಹೊರಗೆ ಕತ್ತಲು. ಸೊಂಟದ ಚೀಲದಲಿ
ಮೂವತ್ತು ತಣ್ಣಗೆ ಕೂತಿತ್ತು.

ಕಾಲು ತೊಳೆದದ್ದು ಒಣಗಿರಲಿಲ್ಲ,
ಬೆರಳ ಸಂದಿನಲಿ ತೇವ.
ಆ ಒದ್ದೆ ಕಾಲಲೆ ತೋಟಕೆ ನಡೆದೆ,
ಹಿಂದೆ ಪಂಜು, ಮುಂದೆ ದೇವ.

ಓ ಕೃಪಾಸಾಗರ, ಓ ದಯಾನಿಧಿಯೇ,
ಪಾಪಿಯ ಕ್ಷಮಿಸೆಯಾ ತಂದೆ?
ನಿನ್ನ ಅಪಾರ ಕರುಣೆಯ ಧಾರೆಯ
ಬೇಡುತ ಬಂದಿಹೆನಿಂದೆ.

ಮೂರನೇ ಚರಣ ಸುಳ್ಳು ಅಂತ ನನಗೇ ಗೊತ್ತಾಗುತ್ತದೆ. ಏನು ಮಾಡಲಿ, ದಯವಿಟ್ಟು ಮುಲಾಜಿಲ್ಲದೆ ಹೇಳಿ.

ಮಾಟುಂಗಾ ಓದುಗ

ಮೇಡಂ, ಮೊದಲ ಎರಡು ಚರಣ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ‘ಹಿಂದೆ ಪಂಜು, ಮುಂದೆ ದೇವ’ ಎಂಬಲ್ಲಿ ಯೇಸುವನ್ನು ಹಿಡಿದ ಆ ಇಡೀ ಗೆತ್ಸೆಮನೆ ತೋಟ ಇದೆ. ಮಾತ್ರೆ ಅಲ್ಲಲ್ಲಿ ಎಡವುತ್ತದೆ. ಆದರೂ ಬಾಯಿಗೆ ಕೂರುತ್ತದೆ, ತಿದ್ದಲು ಹೋಗಬೇಡಿ. ಮೂರನೆಯದನ್ನು ಬರೆದವರು ಬೇರೆ ಯಾರೋ ಅನಿಸುತ್ತದೆ. ಕಾಲ್ಬೆರಳ ತೇವ ನೆನಪಿಟ್ಟುಕೊಂಡ ಮನುಷ್ಯ ‘ಬಂದಿಹೆನಿಂದೆ’ ಅನ್ನುವುದಿಲ್ಲ.

ನಾನು ಕ್ರೈಸ್ತನಲ್ಲ. ಕ್ರಿಸ್ತನ ಕಥೆ ನನಗೆ ದಕ್ಕಿದ್ದು ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ದಿಂದ. ಅವರೂ ಕ್ರೈಸ್ತರಲ್ಲ. ಕ್ರಿಸ್ತನ ಕೊನೆಯ ದಿನವನ್ನು ಬರೆದ ಕೈಯೇ ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿ ಬರೆಯಿತು. ಹಾಗಾಗಿ ಈ ವಸ್ತು ನಮ್ಮೆಲ್ಲರದ್ದೂ ಹೌದು ಎಂಬ ಸಲಿಗೆಯಲ್ಲಿ ಮಾತಾಡುತ್ತಿದ್ದೇನೆ.

ಕಲಿನಾ ವಿದ್ಯಾರ್ಥಿನಿ

ಅಕ್ಕಾ, ನನಗೂ ಹಾಗೇ ಅನಿಸಿತು. ಜಾರ್ಜ್ ಹರ್ಬರ್ಟ್ ಎಂಬ ಇಂಗ್ಲಿಷ್ ಕವಿ, 1633ರಲ್ಲಿ ತೀರಿಕೊಂಡವರು, ಶಿಲುಬೆಯ ಮೇಲಿನ ಕ್ರಿಸ್ತನೇ ಮಾತಾಡುವ 63 ಚರಣಗಳ ಕವಿತೆಯೊಂದನ್ನು ಬರೆದಿದ್ದಾರೆ. ಅದರಲ್ಲಿ ಯೂದನ ವಿಷಯ ಬಂದಾಗ ಕವಿ ಬರೀ ಲೆಕ್ಕ ಹೇಳುತ್ತಾರೆ. ಮರಿಯಳು ನನ್ನ ಕಾಲಿಗೆ ಸುರಿದ ತೈಲವನ್ನು ಮುನ್ನೂರಕ್ಕೆ ಮಾರಬಹುದಿತ್ತು ಅಂತ ಗೊಣಗಿದವನು ನನ್ನನ್ನು ಮೂವತ್ತಕ್ಕೆ ಮಾರಿದ, ಅಷ್ಟೇ. ಸುವಾರ್ತೆಯ ಎರಡು ಬೇರೆ ಬೇರೆ ಕಡೆಯ ಅಂಕಿಗಳನ್ನು ಪಕ್ಕಪಕ್ಕ ಇಟ್ಟದ್ದೇ ಸಾಕಾಯಿತು, ಕರುಳು ಹಿಂಡುತ್ತದೆ. ನಿಮ್ಮ ಮೊದಲೆರಡು ಚರಣ ಆ ಜಾತಿಯವು.

ಒಂದು ಕೇಳಲಾ? ಶಿಷ್ಯ ಪೇತ್ರನೂ ಮೂರು ಸಲ ಯೇಸುವನ್ನು ಅರಿಯೆನೆಂದವನೇ. ಪೇತ್ರನ ಕವಿತೆ ಬರೆದರೆ ಕರುಣೆ ತಾನಾಗಿ ಬರುತ್ತಿತ್ತಲ್ಲ. ಯೂದನೇ ಯಾಕೆ?

ನೀಲಿಬಾಗಿಲು, ಮೀರಾ ರೋಡ್

ಕೇಳಿದೆಯಲ್ಲ ಮಗಾ, ಹೇಳಿಬಿಡುತ್ತೇನೆ.

ನಮ್ಮದು ಉಡುಪಿ ಕಡೆಯ ಬಾಸೆಲ್ ಮಿಶನ್ ಕುಟುಂಬ. ಅಜ್ಜ ಮಲ್ಪೆಯ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು, ಅವರು ಕಟ್ಟಿದ ಮನೆ ಅಪ್ಪನಿಗೆ ಬಂತು. ನನಗೊಬ್ಬ ತಮ್ಮ. ಕಾಲೇಜಿಗೆ ಅಂತ ಮುಂಬಯಿಗೆ ಕರೆಸಿಕೊಂಡೆ. ಆಗ ನಾವಿದ್ದದ್ದು ಒಂದೇ ಕೋಣೆ, ಪರದೆಯ ಆಚೆ ಅಡಿಗೆ. ಆರು ವರ್ಷ ನಮ್ಮ ಜೊತೆಗಿದ್ದ. ಅವನ ಪರೀಕ್ಷೆ ಇದ್ದಾಗ ನಾನೂ ನನ್ನ ಗಂಡನೂ ಗ್ಯಾಲರಿಯಲ್ಲಿ ಮಲಗುತ್ತಿದ್ದೆವು.

ಅಪ್ಪ ತೀರಿಕೊಂಡು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಊರಿಂದ ಬಂದ. ನೀರುದೋಸೆ ಮಾಡಿದ್ದೆ, ಎಂಟೋ ಒಂಬತ್ತೋ ತಿಂದ. ಮನೆಯ ಖಾತೆ ಬದಲಾವಣೆಗೆ ಒಂದು ಸಹಿ ಬೇಕು ಅಕ್ಕ ಅಂದ. ಕಾಗದ ಇಡಲು ಮೇಜಿಲ್ಲ, ಅಕ್ಕಿ ಡಬ್ಬದ ಮುಚ್ಚಳದ ಮೇಲಿಟ್ಟು ತನ್ನ ಪೆನ್ನನ್ನೇ ನನ್ನ ಕೈಗೆ ಕೊಟ್ಟ. ಪೆನ್ನು ಬೆಚ್ಚಗಿತ್ತು, ಜೇಬಿನಲ್ಲಿ ಇದ್ದದ್ದಲ್ಲವೇ. ಓದಲಿಲ್ಲ ನಾನು. ತಮ್ಮ ತಂದ ಕಾಗದವನ್ನು ಯಾರು ಓದುತ್ತಾರೆ? ಅದು ಹಕ್ಕು ಬಿಡುಗಡೆ ಪತ್ರ. ಮುಂದಿನ ಮಳೆಗಾಲದೊಳಗೆ ಮನೆ ಮಾರಿ ಆಗಿತ್ತು.

ಹನ್ನೊಂದು ವರ್ಷ ಮಾತಿಲ್ಲ. ಈಗ ಲೆಂತ್, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸಕಾಲ, ಶುರುವಾದ ವಾರದಲ್ಲಿ ಫೋನ್ ಮಾಡಿದ, ಈಸ್ಟರ್‌ಗೆ ಬರಲಾ ಅಂತ. ನಾನು ಉತ್ತರ ಕೊಡಲಿಲ್ಲ. ಆ ರಾತ್ರಿ ಬಂದದ್ದು ಮೊದಲೆರಡು ಚರಣ. ಅದಕ್ಕೇ ಪೇತ್ರ ಅಲ್ಲ, ಯೂದ. ಪೇತ್ರ ಹೆದರಿ ಹೇಳಿದ. ಯೂದ ಉಂಡು ಎದ್ದು ಹೋದ.

ಮಡಗಾಂವ್ ಮನೆ, ಗೋವಾ

ಬಾಯ್, ಓದಿ ಹೊಟ್ಟೆಯಲ್ಲಿ ಏನೋ ಆಯಿತು. ಉಂಡ ಮನೆಯ ಜಂತೆ ಎಣಿಸುವುದು ಅಂತ ನಮ್ಮೂರಲ್ಲಿ ಹೇಳುವುದು ಇದಕ್ಕೇ. ಬೈಬಲಿನ 41ನೇ ಕೀರ್ತನೆಯಲ್ಲಿ ದಾವೀದ ಹೇಳುವುದೂ ಇದನ್ನೇ, ನನ್ನ ಅನ್ನ ತಿಂದವನೇ ನನಗೆ ಕಾಲೆತ್ತಿದ ಅಂತ.

ನಾವು ಮಂಗಳೂರಿನ ಕೊಂಕಣಿ ಕ್ರಿಸ್ತುವರು, ಇಲ್ಲಿಗೆ ಬಂದು ಇಪ್ಪತ್ತು ವರ್ಷ. ನಮ್ಮಲ್ಲಿ ಲೆಂತ್ ಬಂತೆಂದರೆ ‘ರಿಗ್ಲೊ ಜೆಜು ಮಳ್ಯಾಂತ್’ ಎಂಬ ಹಳೆಯ ಹಾಡು. ಜೆಜು ತೋಟದೊಳಗೆ ಹೊಕ್ಕ ಅಂತ ಅರ್ಥ. ಗೋವಾದವರ ರಾಗ ನಮ್ಮದಕ್ಕಿಂತ ನಿಧಾನ. ಅಮ್ಮ ಹಾಡುವಾಗ ಮೊದಲ ಸಾಲಿಗೇ ಗಂಟಲು ಕಟ್ಟುತ್ತಿತ್ತು. ತೋಟದೊಳಗೆ ಹೊಕ್ಕ ಅಂತಷ್ಟೇ ಇದೆ, ದುಃಖದ ಮಾತೇ ಇಲ್ಲ ಅಲ್ಲಿ. ಮುಂದೇನಾಗುತ್ತದೆ ಎಂದು ಕೇಳುವವರಿಗೆ ಗೊತ್ತು, ಅಷ್ಟು ಸಾಕು. ನಿಮ್ಮ ಎರಡನೇ ಚರಣದಲ್ಲಿ ಆ ಹಾಡು ಕೇಳಿಸಿತು.

ನನ್ನ ಮನೆಯಿಂದ ರಾಶೋಲ್ ಸೆಮಿನರಿ ದೂರವಿಲ್ಲ. ಥಾಮಸ್ ಸ್ಟೀಫನ್ಸ್ ಪಾದ್ರಿಯ ‘ಕ್ರಿಸ್ತಪುರಾಣ’ 1616ರಲ್ಲಿ ಅಚ್ಚಾದದ್ದು ಅಲ್ಲೇ. ಇಂಗ್ಲೆಂಡಿನಿಂದ 1579ರಲ್ಲಿ ಬಂದ ಮನುಷ್ಯ ಮರಾಠಿಯ ಓವಿ ಛಂದಸ್ಸಿನಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಪದ್ಯ ಬರೆದ. ಆ ಹಳೆಯ ಅಚ್ಚಿನ ಪ್ರತಿಗಳು ಉಳಿಯಲಿಲ್ಲ. ಜನ ಕೈಯಲ್ಲಿ ಬರೆದಿಟ್ಟುಕೊಂಡದ್ದರಿಂದ ಪುರಾಣ ಉಳಿಯಿತು, 1907ರಲ್ಲಿ ಮತ್ತೆ ಅಚ್ಚಾಯಿತು, ಅದೂ ನಮ್ಮ ಮಂಗಳೂರಿನಲ್ಲಿ. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಕೃಪಾಸಾಗರ, ದಯಾನಿಧಿ ಎಲ್ಲ ಹಾಡಿ ಹಾಡಿ ಸವೆದು ನುಣುಪಾದ ಮಾತುಗಳು. ಗುಂಪಿನಲ್ಲಿ ಹಾಡಲು ಅವು ಬೇಕು, ನನಗೆ ಅವುಗಳ ಮೇಲೆ ಪ್ರೀತಿಯೇ ಇದೆ. ಒಬ್ಬಳೇ ನಿಂತು ಓದುವ ಕವಿತೆಗೆ ಮಾತ್ರ ಅವು ಹಿಡಿತ ಕೊಡುವುದಿಲ್ಲ.

ಪುಣೆ ಧಾರವಾಡದವ

ಅಕ್ಕಾರ, ನಮಸ್ಕಾರ್ರಿ. ನಾನು ಧಾರವಾಡದಾಂವ, ಪುಣೇಕ ಬಂದು ಮೂವತ್ತು ವರ್ಷಾತು. ನಿಮ್ಮ ಕಥಿ ಓದಿ ನನಗ ಲಕ್ಷ್ಮೀಬಾಯಿ ಟಿಳಕರು ನೆನಪಾದ್ರು. ಆಕಿ ಗಂಡ ನಾರಾಯಣ ವಾಮನ ಟಿಳಕ ಮರಾಠಿಯ ದೊಡ್ಡ ಕವಿ. 1895ರಾಗ ಮುಂಬಯಿದಾಗ ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾದ್ರು. ಮಡಿ ಮನಿತನದ ಹೆಣ್ಣುಮಗಳಿಗೆ ಅದು ಎಂಥಾ ಪೆಟ್ಟು ಅಂತ ನೀವೇ ಯೋಚಿಸ್ರಿ. ಆಕಿ ಪಾಲಿಗೆ ಅದು ದ್ರೋಹನ. ವರ್ಷಗಟ್ಟಲೆ ದೂರ ಇದ್ಲು. 1900ರಾಗ ತಾನೂ ದೀಕ್ಷೆ ತಗೊಂಡ್ಲು, ಆದರ ಗಂಡ ಅಂದ ಅಂತಲ್ಲ, ತನ್ನ ಮನಸು ಒಪ್ಪಿದ ಮ್ಯಾಲೆ. ಆತ್ಮಕಥಿ ‘ಸ್ಮೃತಿಚಿತ್ರೆ’ದಾಗ ಆ ಸಿಟ್ಟು, ಆ ಅಳು ಒಂದನ್ನೂ ಮುಚ್ಚಿಟ್ಟಿಲ್ರಿ. ಕ್ರಿಸ್ತನ ಚರಿತ್ರೆಯ ದೊಡ್ಡ ಕಾವ್ಯ ಗಂಡ ಶುರು ಮಾಡಿದ್ರು, 1919ರಾಗ ತೀರಿಕೊಂಡ್ರು, ಅರ್ಧಕ್ಕ ನಿಂತಿತ್ತು. ಅದನ್ನ ಮುಗಿಸಿದಾಕಿನೂ ಇಕಿನ. ಆ ಕಾವ್ಯದಾಗ ಕರುಣಾ ಅನ್ನೋ ಮಾತು ಬಂದಲ್ಲೆಲ್ಲ ಅದರ ಬೆಲಿ ಏನು ಅಂತ ಗೊತ್ತಿದ್ದಾಕಿ ಬರದದ್ದು ಅಂತ ನಾ ಅಂದ್ಕೋತೀನಿ.

ಅದಕ್ಕ ಹೇಳ್ತೀನಿ, ಅವಸರ ಮಾಡಬ್ಯಾಡ್ರಿ. ಶುಕ್ರವಾರ ಬಂತು ಅಂತ ಕ್ಷಮಾ ಬರೀಲಿಕ್ಕೆ ಕೂತರ ಅದು ಬರೂದಿಲ್ಲ.

ಡೊಂಬಿವಲಿ 7.42

ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಕ್ಷಮಿಸಿ. ಹೆಂಗಸರಿಗೆ ಕ್ಷಮಿಸು ಕ್ಷಮಿಸು ಅಂತ ಹೇಳುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಆಸ್ತಿ ತಿಂದವನು ಹನ್ನೊಂದು ವರ್ಷ ಆರಾಮಾಗಿದ್ದು ಈಗ ಹಬ್ಬಕ್ಕೆ ಬರಲಾ ಅಂತಾನೆ. ಅವನು ಮನೆಯ ಪಾಲಿನ ಮಾತೆತ್ತಿದನಾ? ಅಕ್ಕ ಈಗ ದೇವರ ಕರುಣೆಯ ಬಗ್ಗೆ ಕವಿತೆ ಓದಿದರೆ, ಸಭೆಯಲ್ಲಿ ಕೂತವರೆಲ್ಲ ಅಕ್ಕ ಕ್ಷಮಿಸಿಬಿಟ್ಟಳು ಅಂತಲೇ ತಿಳಿಯುತ್ತಾರೆ. ಅದು ಅಕ್ಕಿ ಡಬ್ಬದ ಮೇಲೆ ಇನ್ನೊಂದು ಕಾಗದಕ್ಕೆ ಸಹಿ ಹಾಕಿಸಿಕೊಂಡ ಹಾಗೆ. ಓದದೆ ಹಾಕಿದ ಸಹಿ ಒಂದು ಸಾಕು.

ನೀಲಿಬಾಗಿಲು, ಮೀರಾ ರೋಡ್

ಡೊಂಬಿವಲಿಯವರೇ, ಇನ್ನೊಂದು ಕಾಗದ ಅಂದಿರಲ್ಲ. ಮೂರು ವಾರದಿಂದ ನನ್ನ ಪೆನ್ನು ನಿಲ್ಲುತ್ತಿದ್ದದ್ದು ಅಲ್ಲೇ. ನನಗೆ ಅದಕ್ಕೆ ಮಾತು ಸಿಕ್ಕಿರಲಿಲ್ಲ.

ವೇದಪಾಠದ ಮೇಷ್ಟ್ರು, ಪುಣೆ

ಎರಡು ದಿನದಿಂದ ಓದುತ್ತಿದ್ದೆ, ತಡವಾಗಿ ಬರೆಯುತ್ತಿದ್ದೇನೆ. ಡೊಂಬಿವಲಿಯ ತಂಗಿ ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದ ಮೇಲೂ ಕರುಣೆಯ ಚರಣ ಬರೆಯಬಹುದು ಎನ್ನುತ್ತೇನೆ. ಯಾಕೆಂದು ಹೇಳಲು ಸ್ವಲ್ಪ ಜಾಗ ಬೇಕು.

ಮೊದಲು ‘ದ್ರೋಹ’. ಯೂದನ ಕೆಲಸಕ್ಕೆ ಸುವಾರ್ತೆಗಳ ಗ್ರೀಕಿನಲ್ಲಿ ಬರುವ ಕ್ರಿಯಾಪದ ‘ಪಾರದಿದೋಮಿ’. ಕೈಗೆ ಒಪ್ಪಿಸು ಅಂತ ಅರ್ಥ. ನಮ್ಮ ಹಳೆಯ ಕನ್ನಡ ಬೈಬಲಿನವರು ‘ಹಿಡುಕೊಡು’ ಅಂದದ್ದು ತುಂಬ ಸರಿ. ಅದೇ ಕ್ರಿಯಾಪದ ರೋಮಾಪುರದವರಿಗೆ ಬರೆದ ಪತ್ರದ ಎಂಟನೇ ಅಧ್ಯಾಯದಲ್ಲೂ ಇದೆ, ದೇವರು ತನ್ನ ಸ್ವಂತ ಮಗನನ್ನು ನಮ್ಮೆಲ್ಲರಿಗೋಸ್ಕರ ಒಪ್ಪಿಸಿಕೊಟ್ಟನು ಎಂಬಲ್ಲಿ. ಯೂದ ಒಪ್ಪಿಸಿದ್ದಕ್ಕೂ ತಂದೆ ಒಪ್ಪಿಸಿದ್ದಕ್ಕೂ ಪದ ಒಂದೇ. ಒಂದು ಹಣಕ್ಕೆ, ಒಂದು ಪ್ರೀತಿಗೆ. ಇನ್ನೊಂದು ನೋಡಿ. ಕರ್ತನ ಭೋಜನದ ಸಂಸ್ಕಾರದಲ್ಲಿ ಅಯ್ಯನವರು ಪ್ರತಿ ಸಲ ಏನು ಓದುತ್ತಾರೆ? ‘ಕರ್ತನಾದ ಯೇಸು ತಾನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ ರೊಟ್ಟಿಯನ್ನು ತೆಗೆದುಕೊಂಡು’ ಎಂದು. ಅದನ್ನು ಬರೆದ ಪೌಲ ಪಸ್ಕ ಹಬ್ಬದ ರಾತ್ರಿ ಎನ್ನಬಹುದಿತ್ತು, ಅನ್ನಲಿಲ್ಲ. ಅಂದರೆ ನಮ್ಮ ಸಭೆ ಆ ರಾತ್ರಿಯ ಗಾಯವನ್ನು ಮರೆತು ಊಟಕ್ಕೆ ಕೂರುವುದಿಲ್ಲ, ಅದನ್ನು ಹೆಸರಿಸಿಯೇ ಕೂರುತ್ತದೆ.

ಇನ್ನು ‘ಕರುಣೆ’. ಹೀಬ್ರೂವಿನಲ್ಲಿ ಅದಕ್ಕೆ ‘ರಹಮೀಮ್’. ‘ರೆಹೆಮ್’ ಎಂದರೆ ತಾಯಿಯ ಗರ್ಭ, ಎರಡಕ್ಕೂ ಬೇರು ಒಂದೇ. ಗ್ರೀಕಿನಲ್ಲಿ, ಯೇಸು ಹೇಳಿದ ಕಥೆಯ ದಾರಿ ತಪ್ಪಿದ ಮಗನನ್ನು ದೂರದಿಂದಲೇ ಕಂಡ ತಂದೆಗೆ ಆದದ್ದನ್ನು ಹೇಳಲು ಲೂಕ ಬಳಸುವ ಪದ ಹುಟ್ಟಿದ್ದು ‘ಸ್ಪ್ಲಾಂಖ್ನ’ದಿಂದ. ಹಾಗೆಂದರೆ ಕರುಳು. ನಮ್ಮ ಭಾಷೆಯಲ್ಲಿ ಇದು ಮೊದಲೇ ಇದೆ, ಕರುಳು ಚುರುಕ್ ಅಂತು, ಕರುಳಿನ ಕೂಗು, ಕರುಳಬಳ್ಳಿ. ತಮ್ಮನ ವಿಷಯ ಬರೆಯುತ್ತಿರುವ ಅಕ್ಕನಿಗೆ ನಿಧಿ, ಸಾಗರ ಎಲ್ಲ ಯಾಕೆ ಬೇಕು?

ಕೊನೆಗೆ ಪೇತ್ರ. ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸಿಕೊಳ್ಳಲು ಹಾಕಿದ್ದು ಇದ್ದಿಲ ಬೆಂಕಿ, ಪೇತ್ರ ಅರಿಯೆನೆಂದದ್ದು ಅದರ ಮುಂದೆ. ಪುನರುತ್ಥಾನವಾದ ಮೇಲೆ ಸಮುದ್ರದ ದಡದಲ್ಲಿ ಯೇಸು ಮೀನು ಸುಡುತ್ತಿದ್ದದ್ದೂ ಇದ್ದಿಲ ಬೆಂಕಿಯ ಮೇಲೆ. ಹೊಸ ಒಡಂಬಡಿಕೆಯಲ್ಲೆಲ್ಲ ಆ ಗ್ರೀಕ್ ಪದ ಬರುವುದು ಈ ಎರಡೇ ಕಡೆ, ಎರಡೂ ಯೋಹಾನನ ಸುವಾರ್ತೆಯಲ್ಲಿ. ಆ ಹೊಗೆಯ ವಾಸನೆಯಲ್ಲಿ ಕೂರಿಸಿ ಮೂರು ಸಲ ಕೇಳುತ್ತಾನೆ, ನನ್ನನ್ನು ಪ್ರೀತಿಸುತ್ತೀಯಾ ಎಂದು. ಮೂರನೆಯ ಸಲಕ್ಕೆ ಪೇತ್ರ ನೊಂದುಕೊಂಡ. ದೇವರ ಕರುಣೆ ಎಂದರೆ ಏನೂ ಆಗಿಲ್ಲವೆಂಬಂತೆ ಇರುವುದಲ್ಲ. ಆದದ್ದನ್ನು ಅದೇ ಬೆಂಕಿಯ ಮುಂದೆ ಕೇಳುವುದೂ ಕರುಣೆಯೇ. ತಂಗೀ, ಅಕ್ಕ ಸಹಿ ಹಾಕಬೇಕಾಗಿಲ್ಲ. ಕವಿತೆಯಲ್ಲಿ ಕರುಣಿಸುವವನು ದೇವರು.

ಕಲಿನಾ ವಿದ್ಯಾರ್ಥಿನಿ

ಸರ್, ಹಾಗಾದರೆ ಯೂದನಿಗೆ ಆ ಬೆಂಕಿಯ ಮುಂದೆ ಕೂರುವ ಅವಕಾಶವೇ ಸಿಗಲಿಲ್ಲವಲ್ಲ. ಇಟಲಿಯ ಕವಿ ಡಾಂಟೆ ಅವನನ್ನು ನರಕದ ತಳದ ಹಿಮದಲ್ಲಿ, ಸೈತಾನ ಲೂಸಿಫರನ ಬಾಯೊಳಗೆ ಇಟ್ಟಿದ್ದಾನೆ.

ವೇದಪಾಠದ ಮೇಷ್ಟ್ರು, ಪುಣೆ

ಡಾಂಟೆ ಇಟ್ಟ, ಹೌದು. ಫ್ರಾನ್ಸಿನ ವೆಝೆಲೆ ಎಂಬ ಊರಿನ ಹಳೆಯ ದೇವಾಲಯದಲ್ಲಿ ಹನ್ನೆರಡನೇ ಶತಮಾನದ ಒಂದು ಕಂಬದ ತಲೆಯಿದೆ. ಒಂದು ಮಗ್ಗುಲಲ್ಲಿ ನೇಣು ಹಾಕಿಕೊಂಡ ಯೂದ. ಇನ್ನೊಂದು ಮಗ್ಗುಲಲ್ಲಿ ಯಾರೋ ಒಬ್ಬ ಅವನ ಹೆಣವನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದಾನೆ, ಕುರುಬ ಕಳೆದ ಕುರಿಯನ್ನು ಹೊತ್ತ ಹಾಗೆ. ಅವನು ಕ್ರಿಸ್ತನೇ ಎಂದು ಪೋಪ್ ಫ್ರಾನ್ಸಿಸ್ ನಂಬಿದ್ದರು, ಆ ಚಿತ್ರವನ್ನು ತಮ್ಮ ಕೋಣೆಯಲ್ಲಿ ಇಟ್ಟುಕೊಂಡಿದ್ದರು. ಬೈಬಲಿನ ವೇದವಾಕ್ಯ ಅಲ್ಲಿ ಮೌನವಾಗಿದೆ, ನಾನು ಅದಕ್ಕಿಂತ ಹೆಚ್ಚು ಹೇಳಲಾರೆ. ತನ್ನನ್ನು ಹಿಡಿಸಲು ಬಂದವನನ್ನು ಯೇಸು ‘ಗೆಳೆಯಾ’ ಅಂದ ಎಂದು ಮತ್ತಾಯ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಅದಂತೂ ಉಂಟು.

ಮಡಗಾಂವ್ ಮನೆ, ಗೋವಾ

ಬಾಯ್, ನನಗೊಂದು ಹೊಳೆಯಿತು. ನೀವು ಕರುಣೆಯನ್ನು ಮೂರನೇ ಚರಣದಲ್ಲಿ ಹುಡುಕುತ್ತಿದ್ದೀರಿ. ಅದು ನಿಮ್ಮ ಎರಡನೇ ಚರಣದಲ್ಲೇ ಬಂದುಹೋಗಿದೆ. ಆ ತೇವ! ಯೂದ ಹಿಡಿದುಕೊಡಲು ಹೊರಟದ್ದು ಗೊತ್ತಿದ್ದೂ ಯೇಸು ಆ ಕಡೇ ಊಟದಲ್ಲಿ ಅವನ ಕಾಲು ತೊಳೆದ. ತಪ್ಪಿಗಿಂತ ಮೊದಲೇ ಕೊಟ್ಟಾಗಿತ್ತು.

ಮಾಟುಂಗಾ ಓದುಗ

ಇವರು ಹೇಳಿದ್ದು ಸರಿ. ಹೊಸ ಪ್ರತಿಮೆ ತರಬೇಡಿ ಮೇಡಂ, ಆ ಕಾಲನ್ನೇ ಹಿಡಿದುಕೊಳ್ಳಿ.

ನೀಲಿಬಾಗಿಲು, ಮೀರಾ ರೋಡ್

ನಿನ್ನೆ ರಾತ್ರಿ ಅಡಿಗೆಮನೆಯಲ್ಲಿ ಕೂತು ಬರೆದೆ.

ಹೊಲದ ಅಂಚಿನ ಮರ. ಬೆಳಗಿನ ಜಾವ.
ಯಾರದು ಹೆಜ್ಜೆಯ ಸದ್ದೇ?
ಅಂಗಾಲು ಮುಟ್ಟಿ ನೋಡಿದನವನು,
ಬೆರಳ ಸಂದಿನ್ನೂ ಒದ್ದೆ.

ಡೊಂಬಿವಲಿ 7.42

ಅಕ್ಕಾ, ಲೋಕಲ್‌ನಲ್ಲಿ ನಿಂತುಕೊಂಡು ಓದಿದೆ. ದಿವಾ ಸ್ಟೇಷನ್ ಬಂದದ್ದೂ ಗೊತ್ತಾಗಲಿಲ್ಲ. ಇದರಲ್ಲಿ ನೀವು ಯಾವ ಕಾಗದಕ್ಕೂ ಸಹಿ ಹಾಕಿಲ್ಲ.

ಪುಣೆ ಧಾರವಾಡದವ

ಭಾಳ ಚಲೋ ಬಂದದರಿ. ‘ಕರುಣೆ’ ಅನ್ನೋ ಮಾತ ಇಲ್ಲ, ನೋಡ್ರಿ. ಆದರ ಒಂದು ಸಂಶಯ. ಮತ್ತಾಯನ ಪ್ರಕಾರ ಯೂದ ಸತ್ತದ್ದು ಯೇಸುನ್ನ ರೋಮನ್ ಅಧಿಕಾರಿ ಪಿಲಾತನ ಕಡೆ ಎಳಕೊಂಡು ಹೋದ ಮುಂಜಾನಿನ. ಆವಾಗ ಯೇಸುನ ಕೈ ಕಟ್ಟಿತ್ತಲ್ರಿ. ಮರದ ಹತ್ರ ಹೆಂಗ ಬಂದಾನು?

ವೇದಪಾಠದ ಮೇಷ್ಟ್ರು, ಪುಣೆ

ಒಳ್ಳೆಯ ಪ್ರಶ್ನೆ. ವಿಶ್ವಾಸಪ್ರಮಾಣದಲ್ಲಿ ಯೇಸು ಸತ್ತ ಮೇಲೆ ‘ಪಾತಾಳಕ್ಕೆ ಇಳಿದು’ ಅನ್ನುತ್ತೇವಲ್ಲ, ಅದು ಶನಿವಾರ. ಆಗ ಬಂದ ಎಂದುಕೊಂಡರೆ ಸರಿಹೋಗುತ್ತದೆ. ‘ಗಾಯದ ಕೈಯಲಿ ಮುಟ್ಟಿ ನೋಡಿದನು’ ಎಂದು ಮಾಡಬಹುದು.

ಮಾಟುಂಗಾ ಓದುಗ

ಗಾಯದ ಕೈ ಎಲ್ಲ ಕಡೆ ಸಿಗುತ್ತದೆ. ಧಾರವಾಡದವರು ಹೇಳಿದ ಕಟ್ಟಿದ ಕೈ ಸಿಗುವುದಿಲ್ಲ. ಲೆಕ್ಕಕ್ಕೆ ಹೊಂದದಿದ್ದರೂ ನಾನಾದರೆ ಅದನ್ನೇ ಇಡುತ್ತೇನೆ.

ನೀಲಿಬಾಗಿಲು, ಮೀರಾ ರೋಡ್

ಎರಡನ್ನೂ ಗಟ್ಟಿಯಾಗಿ ಓದಿ ನೋಡಿದೆ. ‘ಗಾಯದ ಕೈ’ ಅಂದಾಗ ನನ್ನ ದನಿ ಪ್ರಾರ್ಥನೆಯ ದನಿಯಾಗುತ್ತದೆ. ‘ಕಟ್ಟಿದ ಕೈ’ ಅಂದಾಗ ಆಗುವುದಿಲ್ಲ. ಕೈ ಕಟ್ಟಿಸಿದವನ ಕಾಲನ್ನು ಆ ಕಟ್ಟಿನಲ್ಲೇ ಮುಟ್ಟಿದ. ಅದನ್ನೇ ಇಟ್ಟಿದ್ದೇನೆ.

ಹೊಲದ ಅಂಚಿನ ಮರ. ಬೆಳಗಿನ ಜಾವ.
ಯಾರದು ಹೆಜ್ಜೆಯ ಸದ್ದೇ?
ಕಟ್ಟಿದ ಕೈಯಲೆ ಅಂಗಾಲು ಮುಟ್ಟಿದ,
ಬೆರಳ ಸಂದಿನ್ನೂ ಒದ್ದೆ.

ನಾಲ್ಕನೆಯ ಮಾತು ಮುಗಿದ ಮೇಲೆ ಓದಲು ಅಯ್ಯನವರು ಸಮಯ ಕೊಟ್ಟಿದ್ದಾರೆ.

ಇನ್ನೊಂದು. ನಿನ್ನೆ ನಾನೇ ತಮ್ಮನಿಗೆ ಫೋನ್ ಮಾಡಿದೆ. ಹೇಗಿದ್ದೀಯಾ ಅಂತ ಕೇಳಲಿಲ್ಲ. ಆ ಕಾಗದದಲ್ಲಿ ಏನು ಬರೆದಿತ್ತು ಅಂತ ಅವತ್ತು ನಿನಗೆ ಗೊತ್ತಿತ್ತಾ ಅಂದೆ. ಅಪ್ಪನ ಸಾಲ, ವಕೀಲ, ಅದು ಇದು ಅಂದ. ಮತ್ತೆ ಕೇಳಿದೆ. ಸುಮ್ಮನಾದ. ಅವನ ಹಿಂದೆ ಕುಕ್ಕರಿನ ಸೀಟಿ ಕೇಳಿಸುತ್ತಿತ್ತು. ಮೂರನೇ ಸಲಕ್ಕೆ, ಗೊತ್ತಿತ್ತು ಅಕ್ಕ, ಅಂದ.

ಈಸ್ಟರ್‌ಗೆ ಬಾ ಅಂತ ಹೇಳಲಿಲ್ಲ. ಬರಬೇಡ ಅಂತಲೂ ಹೇಳಲಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಮತ್ತೆ ಫೋನ್ ಮಾಡು ಅಂದೆ.